ಹೋಮ್ ಲೋನ್‌ನಲ್ಲಿ ಹಿಡಿದ 10,620 ರೂಪಾಯಿ ವಾಪಸ್ ಬಂದಿದ್ದು ಹೇಗೆ: ನನ್ನ ಅನುಭವ

ಪ್ರೊಸೆಸಿಂಗ್ ಫೀಸ್ ಅನ್ಯಾಯ ಅಂತ ಹೇಳಿ ಬ್ಯಾಂಕಿಂದ ವಾಪಸ್ ತಗೋಬಹುದಾ ಅಂತ ಪುಣೆಲಿ ಮನೆ ತಗೊಂಡಿರೋ ನಮ್ಮ ಕಡೆಯವರು ತುಂಬ ಜನ ಕೇಳ್ತಾರೆ. ನನಗೆ ಆ ಫೀಸ್ ಒಂದು ಪೈಸೆನೂ ಬರ್ಲಿಲ್ಲ, ಆದ್ರೆ ಬೇರೆ ಒಂದು ಚಾರ್ಜ್ ಪೂರ್ತಿ ವಾಪಸ್ ಬಂತು, ಯಾಕೆ ಅಂತ ಹೇಳ್ತೀನಿ.

2025 ಜನವರಿಲಿ ಕಾತ್ರಜ್ ಹತ್ರ ಫ್ಲಾಟ್ ತಗೊಂಡ್ವಿ, ಲೋನ್ 40 ಲಕ್ಷ. ಪ್ರೊಸೆಸಿಂಗ್ ಫೀಸ್ ಅರ್ಧ ಪರ್ಸೆಂಟ್, ಅಂದ್ರೆ 20,000, ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 23,600. ಇದು ಗೊತ್ತಿದ್ದಿದ್ದೇ, ಸೈನ್ ಮಾಡಿದ್ದೆ. ಲೋನ್ ದುಡ್ಡು ಬಿಡುಗಡೆ ಆಗಿ ವಾರಕ್ಕೆ ಅಕೌಂಟಿಂದ ಇನ್ನೊಂದು 10,620 ಹೋಗಿತ್ತು, 'ಲೀಗಲ್ ಆಂಡ್ ಟೆಕ್ನಿಕಲ್' ಅಂತ, ಅಂದ್ರೆ ಮನೆ ಕಾಗದಪತ್ರ ಪರಿಶೀಲನೆಗೆ, ಮನೆ ಬೆಲೆ ಕಟ್ಟೋದಕ್ಕೆ (ವ್ಯಾಲ್ಯುಯೇಶನ್). ಬ್ರಾಂಚಿಗೆ ಹೋಗಿ ಕೇಳಿದ್ರೆ ಸಾಹೇಬ್ರು ಮರಾಠಿಲಿ, ಇದು ಎಲ್ಲರಿಗೂ ಸಿಸ್ಟಮ್ಮೇ ಹಾಕುತ್ತೆ ಅಂದ್ರು. ಆವತ್ತು ರಾತ್ರಿ ನಿಜವಾಗ್ಲೂ ನಿದ್ದೆ ಬರ್ಲಿಲ್ಲ, ರಿಜಿಸ್ಟ್ರೇಶನ್ ಖರ್ಚಿಗೆ ಹೆಂಡ್ತಿ ಬಳೆ ಒತ್ತೆ ಇಟ್ಟಿದ್ವಿ.

ನಮ್ಮ ಸೊಸೈಟಿಲಿ ಕಲಬುರಗಿ ಕಡೆಯ ಕಾಕಾ ಒಬ್ರು ಇದ್ದಾರೆ, ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆದವರು. "ತಮ್ಮಾ, ಕೆಎಫ್‌ಎಸ್ ತಗೊಂಬಾ, ಮೊದ್ಲ ಅದನ್ನ ನೋಡೂಣು" ಅಂದ್ರು. ಕೆಎಫ್‌ಎಸ್ ಅಂದ್ರೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಲೋನಿನ ಬಡ್ಡಿ, ಚಾರ್ಜ್ ಎಲ್ಲ ಒಂದೇ ಕಡೆ ಬರೆದು ಬ್ಯಾಂಕ್ ಕೊಡೋ ಕಾಗದ, ಆರ್‌ಬಿಐ 2024 ಏಪ್ರಿಲ್‌ನಲ್ಲಿ ಸರ್ಕ್ಯುಲರ್ ಹೊರಡಿಸಿ, 2024 ಅಕ್ಟೋಬರ್ 1ರಿಂದ ಹೊಸ ರಿಟೇಲ್ ಲೋನ್‌ಗಳಿಗೆಲ್ಲ ಕಡ್ಡಾಯ ಮಾಡಿದೆ. ಅದರಲ್ಲಿ ಚಾರ್ಜ್‌ಗಳ ಟೇಬಲ್‌ಗೆ ಎರಡು ಭಾಗ, ಬ್ಯಾಂಕಿಗೆ ಕೊಡೋದು, ಬ್ಯಾಂಕಿನ ಮೂಲಕ ಬೇರೆಯವರಿಗೆ ಕೊಡೋದು. ಕಾಕಾ ಪೆನ್ಸಿಲ್ ಹಿಡ್ಕೊಂಡು ಒಂದೊಂದೇ ಸಾಲು ಓದಿದ್ರು, ವ್ಯಾಲ್ಯುಯೇಶನ್ ಫೀಸ್ ಮುಂದೆ ಬರೀ ಒಂದು ಗೆರೆ, ಲೀಗಲ್ ಅನ್ನೋ ಪದಾನೇ ಇಲ್ಲ. ಕೆಎಫ್‌ಎಸ್‌ನಲ್ಲಿ ಇಲ್ಲದ ಚಾರ್ಜನ್ನ ಗ್ರಾಹಕನ ಸ್ಪಷ್ಟ ಒಪ್ಪಿಗೆ ಇಲ್ಲದೆ ಲೋನ್ ಮುಗಿಯೋವರೆಗೂ ಯಾವಾಗ್ಲೂ ಹಾಕೋ ಹಾಗಿಲ್ಲ, ಬೇರೆಯವರ ಪರವಾಗಿ ವಸೂಲಿ ಮಾಡಿದ್ರೆ ರಸೀದಿನೂ ಕೊಡ್ಬೇಕು.



ಪ್ರೊಸೆಸಿಂಗ್ ಫೀಸನ್ನೂ ಸೇರಿಸಿ ಕೇಳೋಣ ಅಂದೆ, ಕಾಕಾ ಬೇಡ ಅಂದ್ರು, ಅದು ಸರಿನೇ. ಎಷ್ಟು ಫೀಸ್ ಇಡ್ಬೇಕು ಅನ್ನೋದು ಬ್ಯಾಂಕಿನ ವ್ಯಾಪಾರದ ನಿರ್ಧಾರ, ಅಂಥ ದೂರನ್ನ ಓಂಬುಡ್ಸ್‌ಮನ್, ಅಂದ್ರೆ ಬ್ಯಾಂಕಿನ ಮೇಲಿನ ಗ್ರಾಹಕರ ದೂರು ನೋಡೋ ಆರ್‌ಬಿಐ ಅಧಿಕಾರಿ, ತಗೊಳ್ಳಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಲಿ ಅನ್ಯಾಯದ ಕರಾರು ಅಂತ ಇದೆ, ಅಸಮಂಜಸ ಚಾರ್ಜ್ ಹೇರೋದೂ ಅದರೊಳಗೆ ಬರುತ್ತೆ, ಆದ್ರೆ ಆ ಕೇಸನ್ನ ಜಿಲ್ಲಾ ಆಯೋಗ ಕೇಳಲ್ಲ, ರಾಜ್ಯ ಆಯೋಗಕ್ಕೇ ಹೋಗ್ಬೇಕು, 23,600ಕ್ಕೆ ನಾನು ಅಷ್ಟು ದೂರ ಹೋಗೋಕೆ ತಯಾರಿರ್ಲಿಲ್ಲ.

ಬ್ಯಾಂಕಿಗೆ ಇಮೇಲ್ ಕಳಿಸಿದೆ. ಕೆಎಫ್‌ಎಸ್ ಪುಟದ ಫೋಟೋ, ಸ್ಟೇಟ್‌ಮೆಂಟಿನ ಆ ಸಾಲು, ಮತ್ತೆ ಎರಡೇ ಪ್ರಶ್ನೆ: ಇದು ಕೆಎಫ್‌ಎಸ್‌ನಲ್ಲಿ ಎಲ್ಲಿದೆ, ರಸೀದಿ ಎಲ್ಲಿದೆ. 22 ದಿನಕ್ಕೆ ಉತ್ತರ ಬಂತು, ಬ್ಯಾಂಕಿನ ಪಾಲಿಸಿ ಪ್ರಕಾರ ಅಂತ, ನನ್ನ ಎರಡೂ ಪ್ರಶ್ನೆ ಮುಟ್ಟೇ ಇಲ್ಲ. ಆ ಉತ್ತರ ಜೋಡಿಸಿ ಆರ್‌ಬಿಐನ ಸಿಎಮ್ಎಸ್ ಅನ್ನೋ ಆನ್‌ಲೈನ್ ದೂರಿನ ಪೋರ್ಟಲ್‌ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಿದೆ. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ. ಮೊದ್ಲು ಬ್ಯಾಂಕಿಗೆ ಬರೆದಿರ್ಲೇಬೇಕು, ಉತ್ತರ ಬರದಿದ್ರೆ 30 ದಿನ ಕಾಯ್ಬೇಕು, ಇದನ್ನ ಬಿಟ್ಟು ನೇರ ದೂರು ಹಾಕಿದ್ರೆ ಹಾಗೇ ವಾಪಸ್ ಕಳಿಸ್ತಾರೆ.

ಐದನೇ ವಾರ ಅದೇ ಬ್ರಾಂಚಿಂದ ಫೋನ್ ಬಂತು, ಅಮೌಂಟ್ ರಿವರ್ಸ್ ಮಾಡಿದೀವಿ ಅಂತ. 10,620 ಪೂರ್ತಿ ಬಂದಿತ್ತು, ಬಡ್ಡಿ ಇಲ್ಲ, ನಾನೂ ಕೇಳ್ಲಿಲ್ಲ, ಹೆಂಡ್ತಿ ಅವತ್ತೇ ಬಳೆ ಬಿಡಿಸ್ಕೊಂಡು ಬಂದ್ಳು.

ಹಿಂಜವಡಿಲಿರೋ ನನ್ನ ಚಿಕ್ಕಪ್ಪನ ಮಗಳು ಈಗ ಲೋನ್ ತಗೋತಿದ್ದಾಳೆ. ಲೀಗಲ್, ವ್ಯಾಲ್ಯುಯೇಶನ್ ಎಷ್ಟು ಅಂತ ಕೆಎಫ್‌ಎಸ್‌ನಲ್ಲೇ ಬರೆಸ್ಕೊಂಡು ಆಮೇಲೆ ಸೈನ್ ಮಾಡು ಅಂದಿದ್ದೆ, ನಿನ್ನೆ ವಾಟ್ಸಾಪಲ್ಲಿ ಪುಟ ಕಳಿಸಿದ್ಳು, ಎರಡೂ ಸಾಲಲ್ಲಿ ಈಗ ಅಂಕಿ ಇದೆ.