ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ: ಮನೆಯ ಔಷಧಿ ಡಬ್ಬಿ ಹೀಗಿರಲಿ

ಊರಿಂದ ಹೊರಡುವಾಗ ಸೂಟ್‌ಕೇಸಿನ ಒಂದು ಮೂಲೆ ಔಷಧಿಗೇ ಮೀಸಲು. ಡೋಲೋ, ಕ್ರೋಸಿನ್, ಮಕ್ಕಳ ಸಿರಪ್, ಅಮೃತಾಂಜನ ಎಲ್ಲಾ ಬಂದಿರುತ್ತವೆ. ಆಮೇಲೆ ಇಲ್ಲಿನ ಬಾಟಲಿಗಳೂ ಪಕ್ಕದಲ್ಲಿ ಬಂದು ಕೂರುತ್ತವೆ. ತೊಂದರೆ ಶುರುವಾಗುವುದೇ ಅಲ್ಲಿ.

ಟೈಲೆನಾಲ್ ಮೇಲೆ ಅಸಿಟಮಿನೋಫೆನ್ ಎಂದು ಬರೆದಿರುತ್ತದೆ. ಅದು ನಮ್ಮ ಪ್ಯಾರಸಿಟಮಾಲೇ. ನೆಗಡಿಗೆ ಕುಡಿಯುವ ನೈಕ್ವಿಲ್‌ನಲ್ಲೂ ಅದಿದೆ. ಜ್ವರಕ್ಕೆ ಡೋಲೋ 650, ಮೈಕೈ ನೋವಿಗೆ ಟೈಲೆನಾಲ್, ಮಲಗುವಾಗ ನೈಕ್ವಿಲ್ ತೆಗೆದುಕೊಂಡರೆ ಒಂದೇ ಔಷಧಿ ಮೂರು ಸಲ ಹೊಟ್ಟೆಗೆ ಹೋಯಿತು. ದೊಡ್ಡವರಿಗೂ ದಿನಕ್ಕೆ ಒಟ್ಟು 4,000 ಮಿಲಿಗ್ರಾಂ ಮೀರಬಾರದು. ಲೇಬಲ್ ಇನ್ನೂ ಕಡಿಮೆ ಹೇಳಿದರೆ ಅದೇ ಮಿತಿ. ಮೀರಿದರೆ ಲಿವರ್‌ಗೆ ಪೆಟ್ಟು. ಆದ್ದರಿಂದ ಪ್ಯಾರಸಿಟಮಾಲ್ ಇರುವುದನ್ನೆಲ್ಲ ಒಂದೇ ಡಬ್ಬಿಗೆ ಹಾಕಿ, ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಊರಿಂದ ಬಂದ ಅಪ್ಪ-ಅಮ್ಮನೂ ಓದಬೇಕಲ್ವಾ.

ಮಕ್ಕಳ ಸಿರಪ್ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಇಲ್ಲಿನ ಮಕ್ಕಳ ಟೈಲೆನಾಲ್‌ನಲ್ಲಿ 5 ಎಂಎಲ್‌ಗೆ 160 ಮಿಲಿಗ್ರಾಂ ಇರುತ್ತದೆ. ಊರಿನ ಸಿರಪ್‌ಗಳಲ್ಲಿ 120 ಇರುವುದೂ ಉಂಟು, 250 ಇರುವುದೂ ಉಂಟು. ಹಾಗಾಗಿ "ಊರಲ್ಲಿ ಒಂದು ಚಮಚ ಕೊಡ್ತಿದ್ವಿ" ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಗುವಿನ ತೂಕ ಹೇಳಿ, ಎಷ್ಟು ಎಂಎಲ್ ಅಂತ ಡಾಕ್ಟರ್ ಅಥವಾ ಫಾರ್ಮಸಿಸ್ಟ್ ಹತ್ತಿರ ಕೇಳಿ. ಅಡುಗೆಮನೆ ಚಮಚ ಬೇಡ, ಬಾಟಲಿ ಜೊತೆ ಬರುವ ಅಳತೆಯ ಸಿರಿಂಜ್ ಬಳಸಿ. ಮನೆಯಲ್ಲಿ ಒಂದೇ ಬಗೆಯ ಸಿರಪ್ ಇದ್ದರೆ ನೆಮ್ಮದಿ.

ಇಡುವ ಜಾಗ: ಬಾತ್‌ರೂಮ್ ಕನ್ನಡಿ ಹಿಂದಿನ ಕಪಾಟು ಬೇಡ, ಬಿಸಿನೀರಿನ ಹಬೆಗೆ ಮಾತ್ರೆ ಕೆಡುತ್ತದೆ. ಒಲೆ ಮೇಲಿನ ಕಪಾಟೂ ಬೇಡ. ಬೆಡ್‌ರೂಮ್ ಕ್ಲಾಸೆಟ್‌ನ ಮೇಲಿನ ಶೆಲ್ಫ್ ಸಾಕು, ಬೀಗ ಇದ್ದರೆ ಇನ್ನೂ ಒಳ್ಳೆಯದು. ಸ್ಟ್ರಿಪ್ ಕತ್ತರಿಸುವಾಗ ಎಕ್ಸ್‌ಪೈರಿ ಅಚ್ಚಾದ ತುದಿಯನ್ನು ಕೊನೆಯವರೆಗೂ ಉಳಿಸಿಕೊಳ್ಳಿ.

ಇಲ್ಲಿನ ಬಾಟಲಿ ಮುಚ್ಚಳವನ್ನು ಒತ್ತಿ ತಿರುಗಿಸಬೇಕು. ಮಕ್ಕಳಿಗೆ ತೆರೆಯಲು ಕಷ್ಟವಾಗಲಿ ಅಂತಲೇ ಹಾಗೆ. ಅಜ್ಜಿ-ತಾತನಿಗೂ ಕಷ್ಟ, ಅದಕ್ಕೇ ಅವರು ಮಾತ್ರೆಯನ್ನೆಲ್ಲ ಸ್ಟೀಲ್ ಡಬ್ಬಿಗೋ ವ್ಯಾನಿಟಿ ಬ್ಯಾಗಿಗೋ ಸುರಿದುಕೊಳ್ಳುತ್ತಾರೆ. ಮೊಮ್ಮಗುವಿನ ಕೈ ಮೊದಲು ಹೋಗುವುದೂ ಆ ಬ್ಯಾಗಿಗೇ. ಕೇಳಿದರೆ ಫಾರ್ಮಸಿಯಲ್ಲಿ ಸುಲಭದ ಮುಚ್ಚಳ ಹಾಕಿಕೊಡುತ್ತಾರೆ, ಆದರೆ ಆ ಬಾಟಲಿ ಮಗುವಿಗೆ ಎಟುಕದಂತಿರಬೇಕು.

ದೇವರ ಮನೆಯ ಕರ್ಪೂರವನ್ನು ಯಾರೂ ಔಷಧಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಚಿಕ್ಕ ಮಕ್ಕಳು ನುಂಗಿದರೆ ಸ್ವಲ್ಪ ಹೊತ್ತಲ್ಲೇ ಫಿಟ್ಸ್ ಬರಬಹುದು. ಬಿಳಿ ಬಿಲ್ಲೆ ನೋಡಲು ಥೇಟ್ ಪೆಪ್ಪರ್‌ಮೆಂಟ್. ಅದನ್ನೂ ನೀಲಗಿರಿ ಎಣ್ಣೆಯನ್ನೂ ಮೇಲಿಡಿ.

ಮಗು ಏನಾದರೂ ನುಂಗಿದರೆ ಪಾಯಿಸನ್ ಕಂಟ್ರೋಲ್‌ಗೆ ಫೋನ್ ಮಾಡಿ: 1-800-222-1222. ಹಗಲು-ರಾತ್ರಿ ಉಚಿತ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಪ್ರಜ್ಞೆ ತಪ್ಪಿದರೆ, ಫಿಟ್ಸ್ ಬಂದರೆ, ಉಸಿರಾಟ ಕಷ್ಟವಾದರೆ ನೇರ 911.

ಹಳೆಯ ಮಾತ್ರೆಗಳನ್ನು ಎಸೆಯಲು ಕೆಲವು ಫಾರ್ಮಸಿಗಳಲ್ಲಿ ಡಬ್ಬವಿದೆ. ಇಲ್ಲದಿದ್ದರೆ, ಲೇಬಲ್‌ನಲ್ಲಿ ಬೇರೆ ಸೂಚನೆ ಇಲ್ಲ ಅಂದಾಗ, ಫಿಲ್ಟರ್ ಕಾಫಿಯ ಚರಟದ ಜೊತೆ ಬೆರೆಸಿ, ಚೀಲ ಮುಚ್ಚಿ ಕಸಕ್ಕೆ ಹಾಕಿ. ದಿನಾಂಕ ನೋಡುವಾಗ ಒಂದು ಮಾತು: ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. 03/08 ಅಂದರೆ ಮಾರ್ಚ್ 8, ಆಗಸ್ಟ್ 3 ಅಲ್ಲ.