ಕ್ಯಾನನ್ ಬಿಟ್ಟು ನಿಕಾನ್ ಹಿಡಿದಿರಾ? ಮೊದಲು ಬೆರಳು ಪಳಗಲಿ

ಹೊಸ ಕ್ಯಾಮೆರಾ ಕೈಗೆ ಬಂದ ಮರುದಿನವೇ ಅಷ್ಟಮಿಯ ಹುಲಿವೇಷಕ್ಕೆ ಓಡುವವರಿದ್ದಾರೆ. ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿ ದಿನ, ಅಂದರೆ ಅಷ್ಟಮಿಯ ಮರುದಿನ ನೋಡಿ. ತಾಸೆ ವಾದ್ಯದ ಪೆಟ್ಟು ಏರುತ್ತದೆ, ಹುಲಿ ಲಾಗ ಹಾಕುತ್ತದೆ, ಇವರು ಕ್ಯಾಮೆರಾ ಕೆಳಗಿಳಿಸಿ ಬಟನ್ ಹುಡುಕುತ್ತಿರುತ್ತಾರೆ.

1. ಲೆನ್ಸ್ ಹಾಕಿ ತೆಗೆಯುವುದು ಕಲಿಯಿರಿ. ಕ್ಯಾನನ್ ಲೆನ್ಸ್ ತಿರುಗುವ ದಿಕ್ಕಿಗೆ ನಿಕಾನ್ ಪೂರ್ತಿ ಉಲ್ಟಾ. ಜೂಮ್ ರಿಂಗೂ ಅಷ್ಟೇ. ಬಿಗಿಯಾಯಿತು ಅಂತ ಬಲ ಹಾಕಬೇಡಿ. ಈ ಅಭ್ಯಾಸ ಮನೆಯೊಳಗೇ ಇರಲಿ, ಮಲ್ಪೆಯ ಉಪ್ಪು ಗಾಳಿ, ಮರಳಿನ ನಡುವೆ ಬೇಡ.

ಹಳೆಯ ಕ್ಯಾನನ್ ಇಎಫ್ ಲೆನ್ಸನ್ನು ನಿಕಾನ್ ಡಿಎಸ್‌ಎಲ್‌ಆರ್‌ಗೆ ಹಾಕಲು ಅಗ್ಗದ ಅಡಾಪ್ಟರ್ ಸಿಗುತ್ತದೆ. ತಗೊಳ್ಳಬೇಡಿ. ಒಳಗೆ ಗಾಜಿಲ್ಲದಿದ್ದರೆ ದೂರದ್ದು ಫೋಕಸ್ ಆಗುವುದಿಲ್ಲ, ಗಾಜಿದ್ದರೆ ಚಿತ್ರ ಮಂಕು. ಲೆನ್ಸ್ ಮಾರಿಬಿಡುವುದೇ ವಾಸಿ.

2. ಮೋಡ್ ಹೆಸರು. ಅಪರ್ಚರ್ (ಬೆಳಕು ಬರುವ ಲೆನ್ಸಿನ ಕಂಡಿ) ನೀವೇ ಆರಿಸುವ ಎವಿ ಇಲ್ಲಿ ಎ, ಶಟರ್ ವೇಗ ಆರಿಸುವ ಟಿವಿ ಇಲ್ಲಿ ಎಸ್. ಮುಗಿಯಿತು.

3. ಡಯಲ್‌ಗಳು. ಎಲ್ಲರೂ ಎಡವುವುದು ಇಲ್ಲೇ. ಎರಡು ಡಯಲ್ ಇರುವ ಕ್ಯಾನನ್‌ನಲ್ಲಿ, ಮ್ಯಾನುಯಲ್ ಮೋಡ್‌ನಲ್ಲಿ ತೋರುಬೆರಳಿಗೆ ಶಟರ್, ಹೆಬ್ಬೆರಳಿಗೆ ಅಪರ್ಚರ್. ನಿಕಾನ್‌ನಲ್ಲಿ ಅದಲುಬದಲು. ಬಿಸಿಲಿನಿಂದ ನೆರಳಿಗೆ ಬಂದ ಹುಲಿಗೆ ಶಟರ್ ಇಳಿಸಿ ಬೆಳಕು ಹೆಚ್ಚಿಸಬೇಕು ಅಂದುಕೊಂಡು ಬೆರಳು ಆಡಿಸುತ್ತೀರಿ, ಬದಲಾದದ್ದು ಅಪರ್ಚರ್. ಹಿಂದಿನ ಜನ ಮಸುಕಾದರೋ ಚೂಪಾದರೋ ಎಂಬುದು ಆಮೇಲೆ ಕಂಪ್ಯೂಟರಿನಲ್ಲೇ ಗೊತ್ತಾಗುವುದು. ಹಳೆಯ ನಿಕಾನ್ ಹಲವದರಲ್ಲಿ ಬೆಳಕು ತೋರಿಸುವ ಮೀಟರಿನ ಪ್ಲಸ್ ಕೂಡ ಎಡಗಡೆ ಇರುತ್ತದೆ. ಅದನ್ನು ಮೆನುವಿನಲ್ಲಿ ತಿರುಗಿಸಿಕೊಳ್ಳಿ.

ಮೆನುವಿನಲ್ಲಿ ಡಯಲ್‌ಗಳನ್ನೂ ಅದಲುಬದಲು ಮಾಡಬಹುದು. ನಾಳೆಯೇ ಮದುವೆ ಶೂಟಿಂಗ್ ಇದ್ದರೆ ಮಾಡಿ. ಇಲ್ಲವಾದರೆ ಬೇಡ. ಒಮ್ಮೆ ರೀಸೆಟ್ ಆದರೆ ಅಥವಾ ಗೆಳೆಯರ ನಿಕಾನ್ ಹಿಡಿದರೆ ಮತ್ತೆ ಅದೇ ಪರದಾಟ ಅಲ್ವಾ?

ಅದರ ಬದಲು ಜಗಲಿಯಲ್ಲಿ ಕೂತು ಹೀಗೆ ಮಾಡಿ. ಕಣ್ಣು ವ್ಯೂಫೈಂಡರ್‌ನಲ್ಲೇ ಇರಲಿ. ಅಪರ್ಚರ್ ಎಫ್ 4ರಿಂದ ಎಫ್ 8ಕ್ಕೆ ಹೋಗಿ. ಮೂರನೇ ಒಂದು ಸ್ಟಾಪ್‌ನ (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಸೆಟ್ಟಿಂಗ್ ಇದ್ದರೆ ಆರು ಟಕ್ ಸದ್ದು. ಈಗ ಶಟರ್ 1/125ರಿಂದ 1/500ಕ್ಕೆ, ಅದಕ್ಕೂ ಆರು. ಎರಡನ್ನೂ ವಾಪಸ್ ತನ್ನಿ. ಕೆಳಗೆ ನೋಡಬೇಡಿ, ಸದ್ದು ಎಣಿಸಿ. ಸರಾಗವಾದ ಮೇಲೆ ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತು ಸಿಟಿ ಬಸ್ ತೆಗೆಯಿರಿ.

4. ಎಕ್ಸ್‌ಪೋಶರ್ ಕಾಂಪನ್ಸೇಶನ್, ಅಂದರೆ ಕ್ಯಾಮೆರಾ ಲೆಕ್ಕ ಹಾಕಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವುದು. ನಿಕಾನ್‌ನ ಹೆಚ್ಚಿನ ಬಾಡಿಗಳಲ್ಲಿ ಶಟರ್ ಬಳಿಯ ಪ್ಲಸ್-ಮೈನಸ್ ಬಟನ್ ಒತ್ತಿ ಹಿಡಿದೇ ಹಿಂದಿನ ಡಯಲ್ ತಿರುಗಿಸಬೇಕು.

5. ಫೋಕಸ್. ಒಮ್ಮೆ ಫೋಕಸ್ ಹಿಡಿದು ನಿಲ್ಲುವ ಒನ್ ಶಾಟ್ ಇದ್ದದ್ದು ಇಲ್ಲಿ ಎಎಫ್-ಎಸ್, ಓಡುವುದನ್ನು ಹಿಂಬಾಲಿಸುವ ಸರ್ವೋ ಇದ್ದದ್ದು ಎಎಫ್-ಸಿ. ಎಎಫ್-ಎಸ್ ಅಂತ ಲೆನ್ಸ್ ಮೇಲೂ ಬರೆದಿರುತ್ತದೆ, ಅದು ಮೋಟಾರಿನ ಹೆಸರು, ಗಲಿಬಿಲಿ ಬೇಡ. ಕಂಬಳಕ್ಕೆ ಎಎಫ್-ಸಿಯೇ ಬೇಕು. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು (ಕೋಣ ಓಡುವ ಕೆಸರಿನ ಓಟದ ದಾರಿ) 14 ಸೆಕೆಂಡಿನೊಳಗೆ ಓಡಿ ಮುಗಿಸಿದ್ದರು. ಅಷ್ಟರಲ್ಲಿ ಮೆನು ತೆರೆದು ಹುಡುಕಲು ಆಗುವುದಿಲ್ಲ. ಮೋಡ್ ಡಯಲ್‌ನಲ್ಲಿ ಯು1, ಯು2 ಇದ್ದರೆ ಯಕ್ಷಗಾನದ ಸೆಟ್ಟಿಂಗ್ ಒಂದರಲ್ಲಿ, ಕಂಬಳದ್ದು ಇನ್ನೊಂದರಲ್ಲಿ ಸೇವ್ ಮಾಡಿಡಿ.

ಬೆರಳು ಪಳಗುವ ತನಕ ಹಳೆಯ ಕ್ಯಾನನ್ ಕಪಾಟಿನಲ್ಲೇ ಇರಲಿ. ಸುಮ್ನೆ ಒಂದು ಫೋಟೊಗೆ ಅಂತ ಕೂಡ ಮುಟ್ಟಬೇಡಿ.