ತೂಕ ಕಾಟಾದ ಮೇಲಿದೆ, ಕಂಪ್ಯೂಟರಿನಲ್ಲಿ ಇಲ್ಲ: ಎಲ್ಲಿ ಹುಡುಕಬೇಕು?

ತೊಗರಿ ಸೀಸನ್‌ನಲ್ಲಿ ಕಲಬುರಗಿಯ ದಾಲ್ ಮಿಲ್‌ನಲ್ಲಿ ಲಾರಿ ತೂಗುವ ಕಾಟಾದ ಕೆಲಸ ನಿಂತರೆ ಗೇಟಿನ ಹೊರಗೆ ಲಾರಿಗಳ ಸಾಲು ಬೆಳೆಯುತ್ತದೆ. ಎಷ್ಟೋ ಸಲ ಕಾಟಾ ಕೆಟ್ಟಿರುವುದೇ ಇಲ್ಲ. ತೂಕದ ಅಂಕಿ ತೋರಿಸುವ ಇಂಡಿಕೇಟರ್ ಮೇಲೆ ತೂಕ ಸರಿಯಾಗಿ ಕಾಣುತ್ತದೆ, ಆಫೀಸಿನ ಕಂಪ್ಯೂಟರಿಗೆ ಮಾತ್ರ ಬರುವುದಿಲ್ಲ. ಎರಡರ ನಡುವೆ ಸೀರಿಯಲ್ ಡಿವೈಸ್ ಸರ್ವರ್ ಎಂಬ ಚಿಕ್ಕ ಡಬ್ಬಿ ಇರುತ್ತದೆ. ಇಂಡಿಕೇಟರ್‌ನ ಸೀರಿಯಲ್ ಡೇಟಾವನ್ನು (ತಂತಿಯಲ್ಲಿ ಒಂದೊಂದೇ ಬಿಟ್ ಆಗಿ ಬರುವ ಡೇಟಾ) ನೆಟ್‌ವರ್ಕ್‌ಗೆ ದಾಟಿಸುವುದು ಅದರ ಕೆಲಸ. ಸೇಡಂ, ವಾಡಿಯ ಸಿಮೆಂಟ್ ಕಾರ್ಖಾನೆಯ ಮೀಟರ್‌ನ ಡೇಟಾ ಬರದಿದ್ದರೂ ಹುಡುಕುವ ದಾರಿ ಇದೇ.

ಇಂಡಿಕೇಟರ್ ಬಿಚ್ಚಬೇಡಿ, ಸಾಫ್ಟ್‌ವೇರ್ ಮತ್ತೆ ಹಾಕಬೇಡಿ. ಡಬ್ಬಿಯ ಹತ್ತಿರ ಹೋಗಿ. ತಪ್ಪು ನೆಟ್‌ವರ್ಕ್ ಬದಿಗೋ ಸೀರಿಯಲ್ ಬದಿಗೋ ಎಂಬುದು ಮೊದಲು ಗೊತ್ತಾಗಬೇಕು.

ಈಥರ್ನೆಟ್ ಲೈಟ್ ಉರಿಯುತ್ತಿದೆಯಾ ನೋಡಿ. ನೆಟ್‌ವರ್ಕ್ ಸ್ವಿಚ್‌ನಿಂದ ಡಬ್ಬಿಗೆ ತಾಮ್ರದ ಕೇಬಲ್ 100 ಮೀಟರ್ ದಾಟಿರಬಾರದು. ಆಮೇಲೆ ಕಂಪ್ಯೂಟರಿನಿಂದ ಪಿಂಗ್ ಮಾಡಿ, ಅಂದರೆ ಡಬ್ಬಿಯ ಐಪಿ ವಿಳಾಸಕ್ಕೆ ಕರೆ ಕಳಿಸಿ ಉತ್ತರ ಬರುತ್ತದಾ ನೋಡಿ. ಉತ್ತರ ಬಂದರೆ ಡಬ್ಬಿಯ ಈಥರ್ನೆಟ್ ಕೇಬಲ್ ಕಿತ್ತು ಇನ್ನೊಮ್ಮೆ ಪಿಂಗ್ ಮಾಡಿ. ಆಗಲೂ ಉತ್ತರ ಬರುತ್ತಿದ್ದರೆ ಅದೇ ಐಪಿ ವಿಳಾಸ ಬೇರೆ ಯಾವುದಕ್ಕೋ ಇದೆ ಎಂದರ್ಥ. ಡಬ್ಬಿಗೆ ಯಾರೂ ಬಳಸದ ಸ್ಥಿರ ಐಪಿ ಕೊಡಿ.

ಪಿಂಗ್ ಬಂತು ಅಂದ್ರೆ ಡಬ್ಬಿಗೆ ಜೀವ ಇದೆ ಅಂತ, ಅಷ್ಟೇ. ಡೇಟಾ ಬರಬೇಕಾದ ಟಿಸಿಪಿ ಪೋರ್ಟ್ (ನೆಟ್‌ವರ್ಕ್‌ನಲ್ಲಿ ಡಬ್ಬಿಯ ಡೇಟಾ ಬಾಗಿಲಿನ ಸಂಖ್ಯೆ) ತೆರೆಯುತ್ತದಾ ಎಂದು ಟೆಲ್ನೆಟ್ ಎಂಬ ಪ್ರೋಗ್ರಾಂನಿಂದ ನೋಡಬೇಕು. ಜಾಸ್ತಿ ಜನ ಸಿಕ್ಕಿಬೀಳುವುದು ಇಲ್ಲೇ. ಬಹಳಷ್ಟು ಡಬ್ಬಿಗಳು ಒಂದು ಹೊತ್ತಿಗೆ ಒಂದೇ ಕನೆಕ್ಷನ್ ಒಪ್ಪುವಂತೆ ಸೆಟ್ ಆಗಿರುತ್ತವೆ. ಕರೆಂಟ್ ಹೋಗಿ ಕಂಪ್ಯೂಟರ್ ದಿಢೀರ್ ಆಫ್ ಆದರೆ ಆ ಸುದ್ದಿ ಡಬ್ಬಿಗೆ ತಿಳಿಯುವುದಿಲ್ಲ. ಹಳೇ ಕನೆಕ್ಷನ್ ಇನ್ನೂ ಇದೆ ಎಂದುಕೊಂಡು ಹೊಸದನ್ನು ಒಳಗೆ ಬಿಡುವುದಿಲ್ಲ. ಡಬ್ಬಿ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಮುಂದಿನ ಸಲ ಕರೆಂಟ್ ಹೋದಾಗ ಮತ್ತೆ ಅದೇ ಕಥೆ. ಅದಕ್ಕೇ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಟಿಸಿಪಿ ಕೀಪ್‌ಅಲೈವ್ (ಆ ಕಡೆ ಇನ್ನೂ ಯಾರಾದರೂ ಇದ್ದಾರಾ ಎಂದು ಆಗಾಗ ಕೇಳುವ ವ್ಯವಸ್ಥೆ) ಆನ್ ಮಾಡಿ. ಸತ್ತ ಕನೆಕ್ಷನ್ ತಾನಾಗಿ ಬಿಡುಗಡೆಯಾಗುತ್ತದೆ. ಡಬ್ಬಿಗೂ ಕಂಪ್ಯೂಟರಿಗೂ ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು.

ಈಗ ಸೀರಿಯಲ್ ಬದಿ. ಇಂಡಿಕೇಟರ್ ಕೇಬಲ್ ತೆಗೆದು, ಡಬ್ಬಿಯ 9 ಪಿನ್ ಕನೆಕ್ಟರ್‌ನಲ್ಲಿ 2 ಮತ್ತು 3ನೇ ಪಿನ್‌ಗಳನ್ನು ಚಿಕ್ಕ ತಂತಿಯಿಂದ ಸೇರಿಸಿ. ಟೆಲ್ನೆಟ್‌ನಲ್ಲಿ ಏನಾದರೂ ಟೈಪ್ ಮಾಡಿ. ಟೈಪ್ ಮಾಡಿದ್ದು ವಾಪಸ್ ಬಂದರೆ ನೆಟ್‌ವರ್ಕ್, ಡಬ್ಬಿ ಎರಡೂ ಚೆನ್ನಾಗಿವೆ. ಹಾಗಾದರೆ ತಪ್ಪು ಕೇಬಲ್‌ನಲ್ಲೋ ಇಂಡಿಕೇಟರ್‌ನಲ್ಲೋ ಇರುತ್ತದೆ. ಇಂಡಿಕೇಟರ್ ಕಡೆಯ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ಡೇಟಾ ಕಳಿಸುವ ಪಿನ್ ಮತ್ತು ಗ್ರೌಂಡ್ ನಡುವೆ ಅಳೆಯಿರಿ. ಆರ್‌ಎಸ್-232 ಎಂಬ ಸೀರಿಯಲ್ ಲೈನ್ ಡೇಟಾ ಕಳಿಸದೆ ಸುಮ್ನೆ ಇದ್ದಾಗ ಸಾಮಾನ್ಯವಾಗಿ ಮೈನಸ್ 5ರಿಂದ ಮೈನಸ್ 12 ವೋಲ್ಟ್ ತೋರಿಸುತ್ತದೆ. ಸೊನ್ನೆ ಬಂದರೆ ಆ ಪೋರ್ಟ್ ಸತ್ತಿದೆ, ಇಲ್ಲವೇ ಪಿನ್ ತಪ್ಪಿದೆ.

ಡೇಟಾ ಬರುತ್ತಿದೆ, ಆದರೆ ಅಂಕಿಗಳ ಬದಲು ವಿಚಿತ್ರ ಅಕ್ಷರಗಳು ಕಾಣುತ್ತಿವೆಯಾ? ಬಾಡ್ ರೇಟ್ (ಡೇಟಾ ಕಳಿಸುವ ವೇಗ) ಅಥವಾ ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಎರಡು ಕಡೆ ಹೊಂದುತ್ತಿಲ್ಲ. ಇಂಡಿಕೇಟರ್ ಮೆನುವಿನಲ್ಲಿ ಏನಿದೆಯೋ ಅದೇ ಡಬ್ಬಿಯಲ್ಲೂ ಇರಲಿ, ಉದಾಹರಣೆಗೆ 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್.

ಮೀಟರ್‌ಗಳು ಆರ್‌ಎಸ್-485 ಲೈನಿನಲ್ಲಿದ್ದರೆ (ಒಂದೇ ಜೋಡಿ ತಂತಿಗೆ ಹಲವು ಮೀಟರ್ ಸೇರಿಸುವ ಲೈನ್) ಎ, ಬಿ ತಂತಿಗಳನ್ನು ಅದಲುಬದಲು ಮಾಡಿ ನೋಡಿ. ಕಂಪನಿಯಿಂದ ಕಂಪನಿಗೆ ಈ ಗುರುತು ಬದಲಾಗುತ್ತದೆ. 120 ಓಮ್ ರೆಸಿಸ್ಟರ್ ಲೈನಿನ ಎರಡು ತುದಿಗಳಲ್ಲಿ ಮಾತ್ರ ಇರಬೇಕು, ಪ್ರತಿ ಮೀಟರ್‌ಗೂ ಅಲ್ಲ. ಮೀಟರ್ ಮಾಡ್‌ಬಸ್ ಭಾಷೆಯಲ್ಲಿ ಮಾತಾಡುವುದಾದರೆ ಇನ್ನೊಂದು ವಿಷಯ. ನೆಟ್‌ವರ್ಕ್ ಬದಿಯ ಮಾಡ್‌ಬಸ್ ಟಿಸಿಪಿಯಲ್ಲಿ 7 ಬೈಟ್ ಹೆಡರ್ ಇರುತ್ತದೆ, ಸಿಆರ್‌ಸಿ (ಸಂದೇಶದ ಕೊನೆಯ ತಪ್ಪು ಪರೀಕ್ಷೆಯ ಸಂಖ್ಯೆ) ಇರುವುದಿಲ್ಲ. ಸೀರಿಯಲ್ ಬದಿಯ ಮಾಡ್‌ಬಸ್ ಆರ್‌ಟಿಯುನಲ್ಲಿ ಸಿಆರ್‌ಸಿ ಇರಲೇಬೇಕು. ಡಬ್ಬಿ ಗೇಟ್‌ವೇ ಮೋಡ್‌ನಲ್ಲಿಲ್ಲದೆ (ಅಂದರೆ ಒಂದನ್ನು ಇನ್ನೊಂದಕ್ಕೆ ಬದಲಿಸದೆ) ಬಂದದ್ದನ್ನು ಹಾಗೇ ದಾಟಿಸುತ್ತಿದ್ದರೆ, ಲೈಟ್ ಮಿನುಗಿದರೂ ಮೀಟರ್ ಉತ್ತರ ಕೊಡುವುದಿಲ್ಲ.

ಎಲ್ಲ ನೋಡಿಯೂ ಸಿಗದಿದ್ದರೆ ಕೇಬಲ್ ಉದ್ದ ಅಳೆಯಿರಿ. ಆರ್‌ಎಸ್-232 ಅನ್ನು 15 ಮೀಟರ್‌ಗಿಂತ ಉದ್ದ ಎಳೆಯಬಾರದು. ದೂರ ಜಾಸ್ತಿ ಇದ್ದರೆ ಡಬ್ಬಿಯನ್ನೇ ಕಾಟಾ ಕ್ಯಾಬಿನ್‌ಗೆ ತಂದು, ಅಲ್ಲಿಂದ ಆಫೀಸಿಗೆ ಫೈಬರ್ ಹಾಕಿಸಿ. ಮಳೆಗಾಲದ ಸಿಡಿಲಿಗೆ ಪೋರ್ಟ್ ಸುಡುವ ಅಪಾಯವೂ ಅದರಿಂದ ಕಡಿಮೆಯಾಗುತ್ತದೆ.